ಸೂರತ್ತಿಗೆ ಹೋದ ತಾರು

ಮಣಿನಗರ, ಅಹಮದಾಬಾದ್
ಭಾನುವಾರ, ೨೧ ಮಾರ್ಚ್ ೧೯೬೫

ತೀರ್ಥರೂಪ ಅಪ್ಪನಿಗೆ, ಕೇಶವನು ದೂರದಿಂದಲೇ ನಿಮ್ಮ ಪಾದ ಮುಟ್ಟಿ ಬರೆಯುವುದು.

ನಿಮ್ಮ ಮೊಣಕಾಲು ಈಗ ಹೇಗಿದೆ? ತಂಗಿ ಕಮಲಾ ಬಂದಾಗ ತಿಕ್ಕಿದ ಎಣ್ಣೆಯಿಂದ ನೋವು ಸ್ವಲ್ಪ ಇಳಿದಿದೆಯೆಂದು ತಿಳಿದು ಸಮಾಧಾನವಾಯಿತು. ಸಂಜೆಯ ಮಬ್ಬಿನಲ್ಲಿ ಕೂತು ಪ್ರೂಫ್ ನೋಡಬೇಡಿ ಎಂದರೆ ನೀವು ಕೇಳುವವರಲ್ಲ, ಆದರೂ ಹೇಳುತ್ತೇನೆ. ಲಗ್ನಗಳ ಹಂಗಾಮು, ಪ್ರೆಸ್ಸಿನಲ್ಲಿ ಕೈತುಂಬ ಕೆಲಸವಿರಬೇಕು. ಇಲ್ಲಿ ಆಗಲೇ ಬಿಸಿಲು ಸುಡುತ್ತಿದೆ. ಬೇಳೆಗೂ ಬೆಲ್ಲ ಹಾಕುವ ಈ ಊರಿನ ಊಟಕ್ಕೆ ಆರು ವರ್ಷವಾದರೂ ನನ್ನ ನಾಲಿಗೆ ಒಗ್ಗಿಲ್ಲ. ಅದು ಬಿಟ್ಟರೆ ನನ್ನ ಮೈ ಕಲ್ಲುಗುಂಡಿನಂತಿದೆ. ಅಮ್ಮ ಹೋದಮೇಲೆ ಒಂದು ಜ್ವರ ಕೂಡ ಬರಲಿಲ್ಲವಲ್ಲ ಎಂದು ನನಗೇ ನಾಚಿಕೆಯಾಗುತ್ತದೆ.

ಕಮಲಾ ಹುಬ್ಬಳ್ಳಿಗೆ ಮರಳಿದಮೇಲೆ ನನಗೊಂದು ಕಾರ್ಡು ಬರೆದಿದ್ದಾಳೆ. ನೀವು ಭೀಮಸೇನನ ಜೊತೆ ಮಾತು ಬಿಟ್ಟು ಏಳು ವಾರವಾಯಿತಂತೆ. ಒಂದೇ ಪ್ರೆಸ್ಸಿನಲ್ಲಿ, ನಾಲ್ಕು ಮಾರು ದೂರದಲ್ಲಿ ಕೂತು, ಅವನಿಗೆ ಕೆಲಸ ಹೇಳಲು ಚೀಟಿ ಬರೆದು ಕಳಿಸುತ್ತೀರಂತೆ. ಯುಗಾದಿ ಕಳೆದಕೂಡಲೆ ಅವನು ಮನೆ ಬಿಟ್ಟು ಹುಬ್ಬಳ್ಳಿಯ ಯಾವುದೋ ಪ್ರೆಸ್ಸಿಗೆ ಸೇರಲು ಹೊರಟಿದ್ದಾನಂತೆ. ಓದಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನಾನು, ಅಪ್ಪಾ. ಅಮ್ಮ ಹೋದ ಐದನೆಯ ದಿನ ನಾನು ಗದಗಿಗೆ ಬಂದು ಬಾಗಿಲಲ್ಲಿ ನಿಂತಾಗ ನೀವು ಅಳಲಿಲ್ಲ, ಬೈಯಲಿಲ್ಲ. "ತಾರು ನಿನಗ ಎಂದ ಮುಟ್ಟಿತು?" ಎಂದಷ್ಟೇ ಕೇಳಿದಿರಿ. ನಾನು ಬಾಯಿ ತೆರೆಯುವ ಮುನ್ನವೇ ತಮ್ಮ ಭೀಮ ಒಳಗಿನಿಂದ ಬಂದು, "ನಾನಽ ತಡಾ ಮಾಡಿದೆ ಅಪ್ಪಾ, ಪ್ರೆಸ್ಸಿನ ಗಡಿಬಿಡಿಯೊಳಗ ಚೀಟಿ ಕಿಸೇದಾಗಽ ಉಳೀತು" ಎಂದ. ನಾನು ನೆಲ ನೋಡುತ್ತ ನಿಂತೆ. ಅದು ಶುದ್ಧ ಸುಳ್ಳು. ನೀವು ಸೋಮವಾರ ಬೆಳಿಗ್ಗೆ ತಂತಿ ಆಫೀಸಿಗೆ ಹೋಗಿ ಹೊಡೆಯೆಂದು ಅವನಿಗೆ ಹೇಳಿದ ತಾರು ಅದೇ ಸೋಮವಾರ, ಜನವರಿ ಇಪ್ಪತ್ತೈದರಂದು, ಹನ್ನೆರಡೂ ನಲವತ್ತಕ್ಕೆ ನನ್ನ ಆಫೀಸಿನ ಮೇಜಿನ ಮೇಲಿತ್ತು.

ಹಾಗಾದರೆ ಏಕೆ ಬರಲಿಲ್ಲ? ಅದನ್ನು ಹೇಳಬೇಕಾದರೆ ನಿಮಗೆ ಗೊತ್ತಿಲ್ಲದ ಒಂದು ಸಂಸಾರವನ್ನೇ ಬಿಚ್ಚಬೇಕು. ಮೂರು ವರ್ಷದಿಂದ ನಾನು ಬರೀ ವಿಮಾ ಕಚೇರಿಯ ಗುಮಾಸ್ತನಲ್ಲ. ಇಲ್ಲಿನ ಒಂದು ಗಿರಣಿಯವರು ನಮ್ಮಂಥ ಎಂಟು ಜನರಿಗೆ ಸಂಬಳ ಕೊಟ್ಟು ಸೈಕಲ್ ಪಂದ್ಯಕ್ಕೆ ಇಳಿಸುತ್ತಾರೆ. ಇದು ಆಫೀಸಿಗೆ ತಿಳಿದರೆ ನೌಕರಿ ಹೋಗುತ್ತದೆ. ಆದ್ದರಿಂದ ಪಂದ್ಯ ಬಂದಾಗಲೆಲ್ಲ ನಾನು ಭೀಮನಿಗೆ ಕಾರ್ಡು ಹಾಕುತ್ತಿದ್ದೆ. ಅವನು ಗದಗಿನಿಂದ "ಮದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯಟ್ಲಿ" ಎಂದು ತಾರು ಹೊಡೆಯುತ್ತಿದ್ದ. ನನಗೆ ರಜೆ ಸಿಗುತ್ತಿತ್ತು. ಈ ದೇಶದ ಅರ್ಧ ಗುಮಾಸ್ತರ ತಾಯಂದಿರು ಹೀಗೆ ವರ್ಷಕ್ಕೆರಡು ಸಲ ಹಾಸಿಗೆ ಹಿಡಿಯುತ್ತಾರೆ. ಮೊದಲ ಸಲ ಅವನು ಒಂದೇ ಕರಾರು ಹಾಕಿದ್ದ. "ಕೆಳಗ ನನ್ನ ಹೆಸರಽ ಹಾಕತೇನಿ. ಅಪ್ಪನ ಹೆಸರು ಸುಳ್ಳಿಗೆ ಹಚ್ಚೂದು ಬ್ಯಾಡ" ಎಂದಿದ್ದ. ಅಮ್ಮನಿಗೂ ಇದು ಗೊತ್ತಿತ್ತು, ಅವಳ ಮೇಲೆ ಸಿಟ್ಟಾಗಬೇಡಿ. ದೀಪಾವಳಿಗೆ ಬಂದಾಗ ಹೂರಣ ರುಬ್ಬುತ್ತ ನನ್ನನ್ನು ಚುಡಾಯಿಸಿದ್ದಳು. "ಈ ವರ್ಷ ಎಷ್ಟ ಸಲ ಸಾಯಲಿಕ್ಕೆ ಬಿದ್ದೇನಪಾ ನಾನು? ಮುಂದಿನ ಸಲ ಏನರೆ ಚಲೋ ರೋಗ ಬರೀಲಿಕ್ಕೆ ಹೇಳು ಭೀಮಗ" ಎಂದು ನಕ್ಕಿದ್ದಳು. ನಾನೂ ಹೊಟ್ಟೆ ಹಿಡಿದು ನಕ್ಕಿದ್ದೆ.

ಈ ಸಲದ ಪಂದ್ಯ ನಾಲ್ಕು ದಿನದ್ದು, ಗಣರಾಜ್ಯೋತ್ಸವದ ಮಂಗಳವಾರ ಅಹಮದಾಬಾದಿನಿಂದ ಹೊರಟು ಶುಕ್ರವಾರ ಮುಂಬಯಿಗೆ. ಇಪ್ಪತ್ತೈದಕ್ಕೆ ತಾರು ಹೊಡೆ ಎಂದು ನಾನು ಮೊದಲೇ ಬರೆದಿದ್ದೆ. ಇಪ್ಪತ್ತೈದಕ್ಕೇ ತಾರು ಬಂತು, ಅದೇ ನಾಲ್ಕು ಮಾತು. ನಮ್ಮ ಆಫೀಸರ್ ಮೆಹ್ತಾ ಸಾಹೇಬರು ಅದನ್ನು ಓದಿ ಕನ್ನಡಕ ತೆಗೆದರು. ಮರುಮಾತಿಲ್ಲದೆ ರಜೆ ಕೊಟ್ಟರು. ಜವಾನನನ್ನು ಓಡಿಸಿ ಆ ಸಂಜೆಯ ಗುಜರಾತ್ ಮೇಲ್ ಗಾಡಿಗೆ ನನಗೊಂದು ಟಿಕೆಟ್ಟನ್ನೂ ತರಿಸಿದರು. ಕಾಳುಪುರ ಸ್ಟೇಷನ್ನಿನಲ್ಲಿ ಗಾಡಿ ನಿಂತಿತ್ತು, ಹಮಾಲರು ಸಾಮಾನು ಏರಿಸುತ್ತಿದ್ದರು. ನಾನು ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ಆ ಟಿಕೆಟ್ಟನ್ನು ವಾಪಸು ಕೊಟ್ಟೆ. ಆ ಗಾಡಿ ಹತ್ತಿದ್ದರೆ ಬುಧವಾರ ಸಂಜೆಗೆ ಗದಗಿನಲ್ಲಿರುತ್ತಿದ್ದೆ. ಅಮ್ಮ ಗುರುವಾರ ಬೆಳಗಿನವರೆಗೆ ಇದ್ದಳು.

ಬುಧವಾರದ್ದು ಬರೋಡಾದಿಂದ ಸೂರತ್ತಿಗೆ, ತೊಂಬತ್ತು ಮೈಲಿಯ ಮೇಲೆ. ದಾರಿಯುದ್ದಕ್ಕೂ ಒಂದು ದಿನ್ನೆಯಿಲ್ಲ, ರೊಟ್ಟಿ ಬಡಿಯುವ ಮಣೆಯಷ್ಟು ಚಪ್ಪಟೆ ನೆಲ. ಇಂಥ ದಾರಿಯಲ್ಲಿ ಯಾರೂ ಯಾರಿಂದಲೂ ತಪ್ಪಿಸಿಕೊಂಡು ಹೋಗಲಾರರು. ಅರವತ್ತು ಜನ ಒಂದೇ ಗುಂಪಾಗಿ ಬಂದು ಕೊನೆಯ ಇನ್ನೂರು ಗಜದಲ್ಲಿ ಜೀವ ಬಿಟ್ಟು ತುಳಿಯುವುದೇ ಆಟ. ಹಾಗೆ ತುಳಿಯುವವನಿಗೆ ಅಲ್ಲಿಯವರೆಗೆ ಗಾಳಿ ಬಡಿಯದಂತೆ ಮುಂದೆ ಒಬ್ಬ ಬೇಕು. ಗಾಳಿಯನ್ನೆಲ್ಲ ಎದೆಯ ಮೇಲೆ ತೆಗೆದುಕೊಂಡು, ಗೆಲುವು ಕಣ್ಣಿಗೆ ಕಾಣುವಾಗ ಪಕ್ಕಕ್ಕೆ ಸರಿದು ದಾರಿ ಬಿಡುವುದು ಅವನ ಕೆಲಸ. ಮೂರು ವರ್ಷ ನಾನು ಮಾಡಿದ್ದು ಅದನ್ನೇ. ನನ್ನ ಹೆಸರು ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಈ ಸಲ ನಮ್ಮ ತಂಡದ ಮ್ಯಾನೇಜರು, ಸೂರತ್ತಿನ ದಿನ ಎಲ್ಲರೂ ಕೇಶವನಿಗಾಗಿ ತುಳಿಯಬೇಕು ಎಂದು ಮಾತು ಕೊಟ್ಟಿದ್ದರು. ಆ ಒಂದು ದಿನಕ್ಕಾಗಿ ನಾನು ಹುಚ್ಚನಾಗಿದ್ದೆ, ಅಪ್ಪಾ. ಇದನ್ನು ಬೇರೆ ಯಾವ ಚಂದದ ಮಾತಿನಲ್ಲೂ ಹೇಳಲಾರೆ.

ಮಕರಪುರದ ಅರಮನೆಯ ಮುಂದಿನಿಂದ ಹೊರಟೆವು. ಬೆನ್ನ ಕಿಸೆಯಲ್ಲಿ ಎರಡು ಬಾಳೆಹಣ್ಣು, ಒಂದು ಬೆಲ್ಲದ ಹೆಂಟೆ, ಮಡಚಿದ ತಾರು. ಭರೂಚಿನ ನರ್ಮದೆಯ ಸೇತುವೆ ಬಲು ಇಕ್ಕಟ್ಟು, ಒಬ್ಬರ ಹಿಂದೆ ಒಬ್ಬರು ನಿಧಾನವಾಗಿ ದಾಟಿದೆವು. ಕೆಳಗೆ ಹೊಳೆ ಅಷ್ಟಗಲ ಮಲಗಿತ್ತು. ಅಲ್ಲಿ ನನ್ನ ಕೈ ಹಿಂದಕ್ಕೆ ಹೋಗಿ ಕಿಸೆ ಮುಟ್ಟಿತು. ಬಾಳೆಹಣ್ಣು ತೆಗೆದು ತಿಂದೆ. ಸೂರತ್ತಿನ ಹೊರಗಿನ ನೇರ ರಸ್ತೆಯಲ್ಲಿ ನಮ್ಮವರು ಒಬ್ಬೊಬ್ಬರಾಗಿ ದಣಿದು ಸರಿದುಕೊಂಡರು. ಕೊನೆಯಲ್ಲಿ ನನ್ನ ಮುಂದೆ ಪಟ್ಟಾಭಿರಾಮ ಎಂಬ ಮದರಾಸಿನ ಹುಡುಗ ಉಳಿದಿದ್ದ. ಅವನು ಬಾಯಿಂದ ನೊರೆ ಸುರಿಸುತ್ತ ಪಕ್ಕಕ್ಕೆ ಹೊರಳಿ "ಜಾ ಕೇಶವ್, ಜಾ!" ಎಂದು ಕೂಗಿದ. ನಾನು ಹೋದೆ. ಅರ್ಧ ಗಾಲಿಯಿಂದ ಗೆದ್ದೆ. ಹಾರ ಹಾಕಿದರು, ಹೆಗಲ ಮೇಲೆ ಹೊತ್ತರು. ಯಾರೋ ಒಬ್ಬ ಮುದುಕಿ ಕಾಗದದ ಪೊಟ್ಟಣದಲ್ಲಿ ಇಲ್ಲಿಯ ಪೊಂಕ್ ಕೊಟ್ಟಳು. ನೋಡಿದರೆ ನಮ್ಮ ಸೀತನಿಯೇ, ಎಳೆ ಜೋಳವನ್ನು ಹಾಗೆಯೇ ಬೆಂಕಿಯಲ್ಲಿ ಸುಟ್ಟದ್ದು. ಒಂದು ಹಿಡಿ ಬಾಯಿಗೆ ಹಾಕಿಕೊಂಡೆ, ಅಮ್ಮ ಮೊರದಲ್ಲಿ ಕೇರಿ ಕೊಡುತ್ತಿದ್ದುದು ನೆನಪಾಯಿತು, ಪೊಟ್ಟಣವನ್ನು ಪಟ್ಟಾಭಿರಾಮನ ಕೈಗೆ ಕೊಟ್ಟುಬಿಟ್ಟೆ. ಆ ದಿನ ಸಂಜೆ ಗಾಡಿಯ ಹೊತ್ತಿಗೆ ಗದಗಿನಲ್ಲಿ ಅಮ್ಮ ಕಮಲಾಳನ್ನು ಕರೆದು, "ಕೇಶವ ಬರೂ ಹೊತ್ತಾತು, ತಲಿ ಬಾಚವಾ" ಎಂದು ಎದ್ದು ಕೂತಿದ್ದಳಂತೆ.

ಶನಿವಾರ ಮುಂಬಯಿಯ ರಾತ್ರಿಗಾಡಿಯಿಂದ ಬಂದಿಳಿದು, ಏನೂ ಅರಿಯದೆ, ಹಲ್ಲುಜ್ಜಿ ಸ್ನಾನ ಮಾಡಿ ಆಫೀಸಿಗೆ ಹೋದೆ. ಮೆಹ್ತಾ ಸಾಹೇಬರ ಮೇಜಿನ ಮೇಲೆ ಎರಡು ವಸ್ತುಗಳಿದ್ದವು. ಒಂದು ಗುರುವಾರದ ಪತ್ರಿಕೆ, ಅದರಲ್ಲಿ ಹಾರ ಹಾಕಿಕೊಂಡ ನನ್ನ ಮುಖ. ಇನ್ನೊಂದು ಗುರುವಾರವೇ ಬಂದ ಎರಡನೆಯ ತಾರು. ನಾನು ಅದನ್ನು ಒಡೆದು ಓದುವ ಹೊತ್ತಿಗೆ ಊರಿನ ಗಿರಣಿಗಳ ಸೈರನ್ನುಗಳೆಲ್ಲ ಒಟ್ಟಿಗೆ ಕೂಗಿದವು. ಮೂವತ್ತನೆಯ ಜನವರಿ, ಹನ್ನೊಂದು ಗಂಟೆ; ಬಾಪೂ ಅವರಿಗಾಗಿ ಆಫೀಸಿನವರೆಲ್ಲ ಎದ್ದು ಎರಡು ನಿಮಿಷ ತಲೆ ಬಗ್ಗಿಸಿ ನಿಂತರು. ನಾನೂ ಅವರ ನಡುವೆ ತಾರು ಹಿಡಿದು ನಿಂತೆ. ಆಮೇಲೆ ಸಾಹೇಬರು ಬೈಯುತ್ತಾರೆಂದು ಕಾದೆ. "ಕೇಶವಭಾಯಿ, ಸಾಂಜನೀ ಗಾಡೀಮಾಂ ಜಾವ್" ಎಂದರು, ಸಂಜೆಯ ಗಾಡಿಗೆ ಹೋಗು ಎಂದಷ್ಟೇ. ಒಂದು ಏಟು ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

ತೋಳ ಬಂತು ತೋಳ ಎಂದು ಕೂಗಿದವನ ಕಥೆಯನ್ನು ನೀವೇ ನನಗೆ ಹೇಳಿದ್ದಿರಿ. ನನ್ನದೂ ಅದೇ ಕಥೆ. ಸುಳ್ಳು ರೂಢಿಯಾಗಿ ನಿಜದ ಗುರುತು ಸಿಗದೆ ಹೋಯಿತು. ಹಿರಿಯ ಮಗ ಬದುಕಿದ್ದೂ ಕಿರಿಯನು ಕೊಳ್ಳಿ ಹಿಡಿಯಬೇಕಾಯಿತು. ಅದರ ಮೇಲೆ ನನ್ನ ತಪ್ಪನ್ನೂ ಅವನೇ ಹೊತ್ತ. ಅಪ್ಪಾ, ನಾಳೆ ಪ್ರೆಸ್ಸಿನಲ್ಲಿ ಚೀಟಿ ಬರೆಯಬೇಡಿ. ಭೀಮಾ ಎಂದು ಹೆಸರು ಹಿಡಿದು ಕರೆಯಿರಿ. ಅವನನ್ನು ಹುಬ್ಬಳ್ಳಿಗೆ ಕಳಿಸಬೇಡಿ. ಮಾತು ಬಿಡುವುದಿದ್ದರೆ ನನ್ನೊಡನೆ ಬಿಡಿ, ಅದು ನ್ಯಾಯ.

ಕಮಲಾ ಮತ್ತೆ ಬಂದರೆ ಅವಳ ಮಕ್ಕಳಿಗೆ ನನ್ನ ಮುತ್ತು. ಅಮ್ಮನ ಫೋಟೋಗೆ ದಿನಾ ಹೂವಿಡುವವರು ನನ್ನ ಹೆಸರಿನಲ್ಲೂ ಒಂದು ಎಸಳು ಇಡಲಿ. ನಿಮ್ಮ ಆಶೀರ್ವಾದ ಕೇಳುವ ಬಾಯಿ ನನಗಿಲ್ಲ.

ನಿಮ್ಮ ಮಗ,
ಕೇಶವ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದು ಇಷ್ಟು ಬರೆಯುತ್ತಿದ್ದೇನೆ. ಆ ಮೊದಲ ತಾರನ್ನು ಒಳಗಿಟ್ಟಿದ್ದೇನೆ. ಬೆವರಿಗೆ ಅಕ್ಷರಗಳು ಕಲಸಿಹೋಗಿವೆ, ಆದರೆ ಕೆಳಗಿನ ಹೆಸರು ಓದಲು ಬರುತ್ತದೆ. ಅಲ್ಲಿ ಭೀಮಸೇನ ಎಂದಿಲ್ಲ, ಹಯವದನ ಎಂದು ನಿಮ್ಮ ಹೆಸರಿದೆ. "ಈ ಸಲ ಖರೇ ಅದ ಅಂತ ಅವಗ ಹೆಂಗ ತಿಳೀಬೇಕೋ?" ಎಂದು ಅಮ್ಮ ಕೇಳಿದಳಂತೆ. "ಅಪ್ಪನ ಹೆಸರು ಹಾಕೇನಿ, ಬಂದಽ ಬರ್ತಾನ" ಎಂದನಂತೆ ಭೀಮ. ಅದಕ್ಕೇ ಅವಳು ತಲೆ ಬಾಚಿಸಿಕೊಂಡದ್ದು. ನಾನು ವಾಪಸು ಹೊರಟ ದಿನ ಗದಗ ಸ್ಟೇಷನ್ನಿನಲ್ಲಿ ಅವನೇ ಇದನ್ನು ಹೇಳಿ, "ಹೆಸರು ನೋಡಲಿಲ್ಲೇನೋ ಅಣ್ಣಾ?" ಎಂದು ಕೇಳಿದ. ಇಲ್ಲ ಎಂದೆ. ತೋಳದ ಕಥೆಯ ಊರವರಿಗೆ ನಿಜ ಗೊತ್ತಿರಲಿಲ್ಲ. ನಾನು ಸೋಮವಾರ ಟಿಕೆಟ್ ವಾಪಸು ಕೊಡುವ ಸಾಲಿನಲ್ಲಿ ನೋಡಿದ್ದೆ, ಬುಧವಾರ ಸೈಕಲ್ ಹತ್ತುವ ಮುನ್ನ ಇನ್ನೊಮ್ಮೆ ಬಿಚ್ಚಿ ನೋಡಿದ್ದೆ. ನೋಡಿ, ಮಡಚಿ, ಕಿಸೆಗೆ ಹಾಕಿಕೊಂಡೆ, ಅಪ್ಪಾ.