ಮೂರು ವರ್ಷದ ಲೀಸು

ಗಂಜಾಂ, ಶ್ರೀರಂಗಪಟ್ಟಣ
ಭಾನುವಾರ, 23 ನವೆಂಬರ್ 2025

ಪ್ರೀತಿಯ ಅತ್ತೆಗೆ,

ರಂಜಿತಳ ನಮಸ್ಕಾರ. ಕೈಯಲ್ಲಿ ಫೋನಿದ್ದೂ ಕಾಗದ ಬರೆದಿದ್ದಾಳಲ್ಲ, ಏನು ಬಂತು ಇವಳಿಗೆ ಎಂದುಕೊಂಡೇ ನೀವು ಕನ್ನಡಕ ಹುಡುಕಿರುತ್ತೀರಿ. ಗಾಬರಿ ಬೇಡ. ಸ್ಮೃತಿ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೇನೆ. ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹ್ಞೂಂ ಅನ್ನುತ್ತೇನೆ. ಆ ಹ್ಞೂಂ ಅನ್ನು ನೀವು ಒಪ್ಪಿಗೆ ಎಂದು ತಿಳಿಯುತ್ತೀರಿ, ನಾನೂ ತಿದ್ದುವುದಿಲ್ಲ. ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ ನಡೆದಿರುವುದು ಇದೇ. ಅದಕ್ಕೇ ಕಾಗದ. ಇಂಗ್ಲಿಷ್ ಸ್ಕೂಲಿನಲ್ಲಿ ಓದಿದವಳ ಕನ್ನಡ ಇದು. ಒತ್ತು ದೀರ್ಘ ತಪ್ಪಿದ್ದರೆ ಎಂದಿನಂತೆ ನಕ್ಕುಬಿಡಿ, ಆದರೆ ಪೂರ್ತಿ ಓದಿ.

ದೀಪಾವಳಿ ಕಳೆದ ಮೇಲೆ ನೀವು ಫೋನು ಮಾಡಿ ಕೇಳಿದಿರಿ: “ಕಾರ್ ಬಾಡ್ಗೆಗೆ ತಕತೀಯೋ, ಕೊಂಡ್ಕತೀಯೋ? ಅದೇನೋ ಲೀಸು ಅಂತಾವ್ರಲ್ಲ, ಅದ್ನೇ ತಕಾ ಮಗ. ಮೂರು ವರ್ಸ ಓಡುಸ್ಬುಟ್ಟು ವಾಪಸ್ ಕೊಟ್ಬುಡು. ಅಷ್ಟೊತ್ಗೆ ನೀನೂ ಮನ್ಗೆ ಬಂದ್ಬುಡ್ತೀಯ.” ನಾನು ಹ್ಞೂಂ ಅಂದೆ. ನೀವು ಸಮಾಧಾನದಿಂದ ಫೋನು ಇಟ್ಟಿರಿ. ಆ ಹ್ಞೂಂ ಸುಳ್ಳು.

ಮೊದಲು ಲೀಸಿನ ವಿಷಯವನ್ನು ಸರಿಯಾಗಿ ಹೇಳಿಬಿಡುತ್ತೇನೆ, ಏಕೆಂದರೆ ನಿಮಗೆ ಯಾರೂ ಹೇಳಿರುವುದಿಲ್ಲ. ನಾನು ಕೆಲಸ ಮಾಡುವ ಟ್ರಸ್ಟಿನವರು ಇಷ್ಟು ದಿನ ಜೀಪು ಕೊಡುತ್ತಿದ್ದರು. ಪಾಂಡವಪುರ, ನಮ್ಮ ಪ್ಯಾಟೆ ಅಂದರೆ ಕೆ.ಆರ್. ಪೇಟೆ, ನಾಗಮಂಗಲ, ಮೂರೂ ತಾಲ್ಲೂಕಿನ ಸರ್ಕಾರಿ ಶಾಲೆಗಳಿಗೆ ಹೋಗಿ ಮೇಷ್ಟರುಗಳಿಗೆ ಇಂಗ್ಲಿಷ್ ಪಾಠ ಮಾಡುವ ಬಗೆ ಹೇಳಿಕೊಡುವುದು ನನ್ನ ಕೆಲಸ ಎಂದು ನಿಮಗೆ ಗೊತ್ತು. ಈ ವರ್ಷ ಜೀಪು ನಿಲ್ಲಿಸಿದರು. ಕಾರು ನೀವೇ ಮಾಡಿಕೊಳ್ಳಿ, ಬೇಕಿದ್ದರೆ ಲೀಸಿಗೆ ಕೊಡಿಸುತ್ತೇವೆ ಎಂದರು. ಲೀಸು ಎಂದರೆ ಕಾರು ಒಂದು ಕಂಪನಿಯ ಹೆಸರಿನಲ್ಲಿರುತ್ತದೆ. ಬಾಡಿಗೆ ತಿಂಗಳು ತಿಂಗಳು ಸಂಬಳದಲ್ಲಿ ಮುರಿದುಹೋಗುತ್ತದೆ. ಇನ್ಶೂರೆನ್ಸು, ಸರ್ವಿಸು, ಟೈರು ಎಲ್ಲ ಅವರದೇ. ಮೂರು ವರ್ಷಕ್ಕೆ ಕೀಲಿ ಅವರ ಕೈಗೆ ಕೊಟ್ಟು ಮನೆಗೆ ಬರುವುದು. ಕೊಳ್ಳುವುದಾದರೆ ಬ್ಯಾಂಕಿನ ಸಾಲ, ಐದು ವರ್ಷದ ಕಂತು, ಕೆಟ್ಟರೆ ನಾನೇ ಮೆಕ್ಯಾನಿಕ್ಕನ್ನು ಹುಡುಕಬೇಕು.

ಕೂಡಿಸಿ ಕಳೆದು ನೋಡಿದರೆ ಲೀಸೇ ಜಾಣತನ. ಅದನ್ನು ಮುಚ್ಚಿಡುವುದಿಲ್ಲ. ನಾನು ಹಠಕ್ಕೆ ಬಿದ್ದು ತಲೆಕೆಟ್ಟವಳಂತೆ ನಡೆದುಕೊಳ್ಳುತ್ತಿದ್ದೇನಾ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡೆ. ಆಫೀಸಿನವರು ಕಳಿಸಿದ ಕಾಗದಕ್ಕೆ ಸಹಿ ಹಾಕಲು ಪೆನ್ನು ಕೂಡ ತೆಗೆದಿದ್ದೆ. ಆ ವಾರವೇ ದೀಪಾವಳಿ ಬಂತು, ನೀವು ಕಳಿಸಿದ ಕಾಯಿ, ಹುರುಳಿಕಾಳು ಹೊತ್ತು ನಿಮ್ಮ ಮಗನೂ ಬಂದರು.

ಅವರು ಜಗಳಕ್ಕೆ ಬಂದಿರಲಿಲ್ಲ. ಚೆನ್ನಾಗಿಯೇ ಮಾತಾಡಿದರು. ಊಟಕ್ಕೆ ಕೂತಾಗ ಕಾರಿನ ಮಾತು ಬಂತು. “ಹೆಂಗಸ್ರಿಗೆ ಬಸ್ಸೇ ಫ್ರೀ ಬುಟ್ಟವ್ರೆ, ನಿಮ್ಮವ್ವಂಗೆ ಕಾರ್ ಬೇಕಂತೆ ನೋಡು,” ಎಂದು ಸ್ಮೃತಿಗೆ ಹೇಳಿ ನಕ್ಕರು. ಸ್ಮೃತಿ ತಟ್ಟೆಯಿಂದ ತಲೆ ಎತ್ತದೆ, “ಬೆಳಿಗ್ಗೆ ಎಂಟ್ ಗಂಟೆ ಬಸ್ಸಲ್ಲಿ ನೀನೊಂದ್ ದಿನ ನಾಗಮಂಗ್ಲಕ್ಕೆ ನಿಂತ್ಕೊಂಡ್ ಹೋಗು ಅಪ್ಪ, ಆಮೇಲ್ ಮಾತಾಡು,” ಅಂದಳು. ಅವರಿಗೆ ಅದೂ ನಗುವೇ. ಆಮೇಲೆ ನನ್ನ ಕಡೆ ತಿರುಗಿ, “ಕೊಂಡ್ಕಳಂಗಿದ್ರೆ ನನ್ನೆಸ್ರಲ್ಲಿ ಕೊಂಡ್ಕೊ. ನಾಳೆ ಎಲ್ಲೋ ಗುದ್ದುದ್ರೆ ಸ್ಟೇಷನ್ನು ಗೀಷನ್ನು ಅಂತ ಅಲಿಯೋರ್ಯಾರು? ಇಲ್ಲ ಅಂದ್ರೆ ಲೀಸೇ ಸರಿ. ಮೂರು ವರ್ಸ ಸಾಕು. ಇವಳ ಓದು ಒಂದು ದಡ ಮುಟ್ಟೋ ಒತ್ಗೆ ನೀನು ಮನೇಲಿರ್ತೀಯ,” ಎಂದರು.

“ಈಗ ನಾನು ಎಲ್ಲಿದ್ದೀನಿ?” ಎಂದು ಕೇಳಿದೆ.

“ಬಾಡ್ಗೆ ಮನೇಲಿ,” ಎಂದರು, ಅನ್ನಕ್ಕೆ ಸಾರು ಕಲಸಿಕೊಳ್ಳುತ್ತ.

ಅವರ ದನಿಯಲ್ಲಿ ಕೋಪವಿರಲಿಲ್ಲ. ಅವರಿಗೆ ಅದು ಅಷ್ಟು ಸಹಜ. ಆ ಕ್ಷಣ ನನಗೆ ಅರ್ಥವಾಯಿತು. ಲೀಸಿನ ಕಾಗದಕ್ಕೆ ಸಹಿ ಹಾಕಿದರೆ ನಾನು ಕಾರಿಗೆ ಮಾತ್ರ ಸಹಿ ಹಾಕಿದಂತಾಗುವುದಿಲ್ಲ. ಇಲ್ಲಿಯ ನನ್ನ ಬದುಕಿಗೂ ಮೂರು ವರ್ಷದ ಗಡುವು ಬರೆದುಕೊಟ್ಟಂತಾಗುತ್ತದೆ.

ಅತ್ತೆ, ನಿಮಗೆ ನೆನಪಿರಬಹುದು. ನಾನು ಬಂದ ಹೊಸತರಲ್ಲಿ ಕೆರೆ ಹಿಂದಿನ ಹೊಲವನ್ನು ಮಾವನವರು ಗುತ್ತಿಗೆಗೆ ಮಾಡುತ್ತಿದ್ದರು. ಅಷ್ಟು ಒಳ್ಳೆಯ ಮಣ್ಣು, ತೆಂಗು ಯಾಕೆ ಇಟ್ಟಿಲ್ಲ ಎಂದು ನಿಮ್ಮನ್ನು ಕೇಳಿದ್ದೆ. ನೀವು ಹುರುಳಿ ಕೀಳುತ್ತಿದ್ದವರು ಸೊಂಟ ಹಿಡಿದು ನಿಂತು ನಕ್ಕಿರಿ. “ಗುತ್ಗೆ ಭೂಮೀಲಿ ತೆಂಗಿನ್ ಸಸಿ ಯಾರವ್ವ ಮಡಗ್ತಾರೆ? ಕಾಯ್ ಬುಡೋ ಒತ್ಗೆ ಅವರ ಭೂಮಿ ಅವರು ಕೇಳ್ತಾರೆ.” ಅವತ್ತು ನನಗೆ ಅದೊಂದು ಬೇಸಾಯದ ವಿಷಯ ಅಷ್ಟೇ. ನಾಲ್ಕು ವರ್ಷದಿಂದ ಇಲ್ಲಿ ನಾನು ಹಾಗೇ ಬದುಕುತ್ತಿದ್ದೇನೆ. ಗೋಡೆಗೆ ಮೊಳೆ ಹೊಡೆದಿಲ್ಲ. ಒಳ್ಳೆಯ ಮಂಚ ಕೊಂಡಿಲ್ಲ. ಸ್ಮೃತಿ ಬೆಕ್ಕು ಸಾಕೋಣ ಎಂದರೆ, ಬೇಡ, ನಾವು ಹೊರಡುವಾಗ ಅದನ್ನೇನು ಮಾಡೋದು ಎಂದೆ. ಎಲ್ಲಿಗೆ ಹೊರಡುವುದು?

ನಾನು ಯಾಕೆ ಬಂದೆ ಎಂಬುದನ್ನು ನೀವು ಯಾರ ಹತ್ತಿರವೂ ಸರಿಯಾಗಿ ಹೇಳಿಲ್ಲ. “ಕೆಲ್ಸದ್ ಮೇಲೆ ಪಟ್ಣದಲ್ಲವ್ಳೆ” ಎನ್ನುತ್ತೀರಿ. ನನ್ನ ಮಾನ ಕಾಯಲು ಹಾಗೆ ಹೇಳುತ್ತೀರಿ ಎಂದು ಬಲ್ಲೆ. ಆದರೆ ಹೊಡೆತ ಬಡಿತ, ಕುಡಿತ ಏನೂ ಇಲ್ಲದೆ ಒಬ್ಬಳು ಮನೆ ಬಿಟ್ಟರೆ ಕಾರಣ ಹೇಳುವುದು ಕಷ್ಟ. ಸ್ಕೂಟರಿನ ವಿಷಯ ಹೇಳಿದರೆ ಜನ ನಗುತ್ತಾರೆ. ನಕ್ಕರೂ ಸರಿ, ಕಾರಣ ಅದೇ. ಪ್ಯಾಟೆಯ ಶಾಲೆಗೆ ಹೋಗುವುದಕ್ಕೆಂದು ನನ್ನ ಸಂಬಳದಲ್ಲಿ ಕೊಂಡ ಸ್ಕೂಟರು, ಶೋರೂಮಿನಲ್ಲಿ ನಿಮ್ಮ ಮಗನೇ ಮುಂದೆ ನಿಂತಿದ್ದರಿಂದ ಅವರ ಹೆಸರಿಗೆ ಆಯಿತು. ಅದು ತಪ್ಪು ಎಂದು ನಮಗ್ಯಾರಿಗೂ ಹೊಳೆಯಲೂ ಇಲ್ಲ. ನಮ್ಮ ಕಡೆ ಎಲ್ಲ ಗಾಡಿಗಳೂ ಹಾಗೇ ತಾನೇ. ಟ್ರಾಕ್ಟರಿನ ಟ್ರೇಲರ್ ಹಿಂದೆ ‘ದೊಡ್ಡತಾಯಮ್ಮ’ ಎಂದು ನಿಮ್ಮ ಹೆಸರನ್ನು ಹಳದಿ ಬಣ್ಣದಲ್ಲಿ ಊರಿಗೇ ಕಾಣುವಂತೆ ಬರೆಸಿದ್ದಾರೆ. ಆದರೆ ನಿಮ್ಮ ತಂಗಿಯ ಊರಿಗೆ ಹೋಗಬೇಕು ಎಂದಾಗ ನೀವು ಬಸ್ಸು ಕಾಯುತ್ತೀರಿ.

ನಾನು ಜ್ವರವೆಂದು ಪಾಂಡವಪುರದ ಅಮ್ಮನ ಮನೆಯಲ್ಲಿ ಮಲಗಿ ವಾಪಸ್ ಬರುವಷ್ಟರಲ್ಲಿ ಸ್ಕೂಟರು ನಿಮ್ಮ ಮಗಳ ಮನೆ ಸೇರಿತ್ತು. ನಿಮ್ಮ ಮೊಮ್ಮಗ ಧ್ರುವನಿಗೆ ಕಾಲೇಜಿಗೆ ಬೇಕಿತ್ತಂತೆ. ಕೇಳಿದ್ದಕ್ಕೆ ನಿಮ್ಮ ಮಗ, “ಯಾರ್ಗೋ ಕೊಟ್ನಾ? ಮನೇದು ಮನೇಲೇ ಐತೆ ಬುಡು,” ಎಂದರು. ನೀವು ಒಲೆ ಮುಂದೆ ಇದ್ದಿರಿ. ತಿರುಗಲಿಲ್ಲ. ನಿಮ್ಮನ್ನು ದೂರುತ್ತಿಲ್ಲ. ಕೊಟ್ಟ ವಿಷಯದ ಮೇಲೆ ನಿಂತಲ್ಲೇ ಮೂರು ನಿಮಿಷ ಮಾತಾಡುವುದನ್ನು ನಮ್ಮ ಶಾಲೆಯಲ್ಲಿ ಕಲಿಸಿದ್ದರು, ಬಹುಮಾನವನ್ನೂ ತಂದಿದ್ದೆ. ಅವತ್ತು ನನಗೂ ಒಂದು ಮಾತು ಹೊರಡಲಿಲ್ಲ. ಮಾರನೆಯ ದಿನದಿಂದ ಬಸ್ಸಿಗೆ ನಡೆಯತೊಡಗಿದೆ. ಹಾಗೆ ನಡೆಯುತ್ತ ನಡೆಯುತ್ತಲೇ ಮನಸ್ಸು ಆ ಮನೆಯಿಂದ ಹೊರಗೆ ಬಂದಿರಬೇಕು. ಶ್ರೀರಂಗಪಟ್ಟಣದ ಕೆಲಸ ಸಿಕ್ಕಿದ್ದು ಆಮೇಲೆ.

ಹೀಗಾಗಿ ಅತ್ತೆ, ಲೀಸಿನ ಕಾಗದವನ್ನು ವಾಪಸ್ ಕಳಿಸಿದೆ. ಕಾರನ್ನು ಕೊಂಡೆ.

ಮಂಡ್ಯದ ಶೋರೂಮಿನಲ್ಲಿ ಪುಟ್ಟರಾಜು ಎಂಬುವವರು ನನ್ನನ್ನು ಕೂರಿಸಿ ಕಾಫಿ ತರಿಸಿಕೊಟ್ಟರು. “ಸರ್ ಯಾವಾಗ ಬರ್ತಾರೆ ಮೇಡಂ?” ಎಂದರು. ಯಾವ ಸರ್ ಎಂದೆ. “ಅಲ್ಲ, ಮನೆಯವ್ರು… ಕಲರ್ ಗಿಲರ್ ನೋಡ್ಬೇಕಲ್ವಾ?” ಕಲರ್ ನನಗೂ ಕಾಣುತ್ತದೆ ಎಂದೆ. ಪಾಪ, ಆಮೇಲೆ ಅವರು ಎಲ್ಲಕ್ಕೂ ನನ್ನನ್ನೇ ಕೇಳತೊಡಗಿದರು, ಕಾಫಿಗೆ ಸಕ್ಕರೆ ಸಾಕಾ ಎಂಬುದನ್ನೂ ಸೇರಿಸಿ. ಆರ್‌ಸಿಯಲ್ಲಿ ನನ್ನ ಹೆಸರಿದೆ. ಗಂಜಾಮಿನ ವಿಳಾಸವಿದೆ.

ಪೂಜೆಗೆ ಕರಿಘಟ್ಟದ ಬೆಟ್ಟಕ್ಕೆ ಒಯ್ದೆವು. ಅರ್ಚಕರು ಮಂಗಳಾರತಿ ಮಾಡಿ ಕೀಲಿಯನ್ನು ತಟ್ಟೆಯಲ್ಲಿಟ್ಟುಕೊಂಡು, “ಯಜಮಾನ್ರು ಎಲ್ಲಮ್ಮ? ಅವರ ಕೈಗೇ ಕೊಡ್ಬೇಕು,” ಎಂದು ನಮ್ಮ ಹಿಂದೆ ನೋಡಿದರು. ಹಿಂದೆ ಯಾರಿದ್ದಾರೆ, ಒಂದು ಕೋತಿ ಇತ್ತು. ಸ್ಮೃತಿ, “ಇವರೇ ಯಜಮಾನ್ರು,” ಎಂದು ನನ್ನ ಬೆನ್ನು ತಳ್ಳಿದಳು. ಅರ್ಚಕರು ಒಂದು ಗಳಿಗೆ ಯೋಚಿಸಿ ಕೀಲಿ ಕೊಟ್ಟರು. “ಸರಿ, ನಿಂಬೆಹಣ್ಣಿನ ಮೇಲೆ ನೀವೇ ಹತ್ತಿಸಿ ತಾಯಿ. ನಿಧಾನ, ಹಿಂದೆ ಇಳಿಜಾರಿದೆ. ನಾನು ಈ ಕಡೆ ನಿಂತ್ಕೋತೀನಿ,” ಎನ್ನುತ್ತ ಕಂಬದ ಮರೆಗೆ ಸರಿದರು. ಎರಡು ಸಲ ಗಾಡಿ ಆಫ್ ಆಯಿತು. ಮೂರನೆಯ ಸಲ ನಿಂಬೆಹಣ್ಣು ಒಡೆದ ಸದ್ದು ಕೇಳಿಸಿತು.

ಈಗ ಹೇಳಬೇಕಾದ ಮಾತು. ನಾನು ಶೀಳನೆರೆಯ ನಿಮ್ಮ ಮನೆಗೆ ವಾಸಕ್ಕೆ ವಾಪಸ್ ಬರುವುದಿಲ್ಲ. ಮೂರು ವರ್ಷಕ್ಕೂ ಇಲ್ಲ, ಆಮೇಲೂ ಇಲ್ಲ. ಕೋರ್ಟು ಕಚೇರಿ ನಾನಾಗಿ ಹತ್ತುವುದಿಲ್ಲ. ನಿಮ್ಮ ಮಗನಿಗೆ ಬೇಕಿದ್ದರೆ ಕರೆಯಲಿ, ಬರುತ್ತೇನೆ. ಸ್ಮೃತಿಗೆ ಅಜ್ಜಿ ಮನೆ ಅಜ್ಜಿ ಮನೆಯೇ, ರಜೆಗೆ ಅವಳು ಬರುತ್ತಾಳೆ, ತಡೆಯುವುದಿಲ್ಲ. ಅವರಿಗೆ ಈ ಮಾತನ್ನು ಬೇರೆಯಾಗಿ ಬರೆದಿದ್ದೇನೆ. ಆದರೆ ನಿಮಗೆ ಅವರ ಬಾಯಿಂದ ಗೊತ್ತಾಗುವುದು ನನಗೆ ಬೇಡವಾಗಿತ್ತು.

ನಾನು ಮಾಡಿದ್ದು ಸರಿಯೇ ಎಂದು ಇವತ್ತೂ ನನ್ನನ್ನು ಕೇಳಿಕೊಳ್ಳುತ್ತೇನೆ. ಉತ್ತರ ಒಂದೊಂದು ದಿನ ಒಂದೊಂದು ಥರ ಬರುತ್ತದೆ. ಆದರೂ ಇನ್ನು ಮೇಲೆ ಯಾರಾದರೂ ಕೇಳಿದರೆ “ಕೆಲ್ಸದ್ ಮೇಲೆ ಅವ್ಳೆ” ಎನ್ನಬೇಡಿ. “ಅಲ್ಲೇ ಇರ್ತಾಳೆ” ಎನ್ನಿ. ಆಮೇಲೆ ಅವರು ಏನಾದರೂ ಅಂದುಕೊಳ್ಳಲಿ. ನಿಮಗೆ ಹೇಳಲು ಕಷ್ಟವಾದರೆ ಸುಮ್ಮನಿದ್ದುಬಿಡಿ, ಆದರೆ ಆ ಹಳೆಯ ಮಾತು ಬೇಡ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಚಳಿ ಶುರುವಾಗಿದೆ.

ಸೊಸೆ ಎಂದು ಬರೆಯಲೋ ಬೇಡವೋ ತಿಳಿಯದೆ ಬರೀ ಹೆಸರು ಹಾಕುತ್ತಿರುವ,
ರಂಜಿತ

ತಾ.ಕ.: ಮುಗಿಸಿದ ಮೇಲೂ ಒಂದು ಉಳಿದುಕೊಂಡಿದೆ. ಹೋದ ಸಂತೆಯ ದಿನ ಶೀಳನೆರೆ ದಾಟಿ ಬೇವಿನ ಮರದ ಹತ್ತಿರ ನೀವು ಚೀಲ ಹಿಡಿದು ನಿಂತಿದ್ದಿರಿ. ಬಸ್ಸು ತಪ್ಪಿಹೋಗಿತ್ತು. ಸಂತೆಬಾಚಹಳ್ಳಿ ಕಡೆಗೆ ಹೋಗುತ್ತಿದ್ದ ಬೂದು ಬಣ್ಣದ ಕಾರಿಗೆ ಕೈ ಅಡ್ಡ ಹಿಡಿದಿರಿ. ಆ ಕಾರು ನಿಲ್ಲಲಿಲ್ಲ. ಸಂಜೆ ಫೋನಿನಲ್ಲಿ, “ಯಾವೋನೋ ಕೊಬ್ಬಿದ್ ನನ್ಮಗ, ವಯಸ್ಸಾದೋಳು ಅಂತಾನೂ ನೋಡ್ದೆ ಅಂಗೇ ಒಂಟೋದ ಕನವ್ವ,” ಎಂದು ನನ್ನ ಹತ್ತಿರವೇ ಬೈದಿರಿ. ನಾನು ಹ್ಞೂಂ ಅಂದೆ. ಆ ಕಾರು ನನ್ನದು. ಶಾಲೆಯ ಕೆಲಸಕ್ಕೆ ಹೊರಟು ಓಡಿಸುತ್ತಿದ್ದವಳು ನಾನೇ. ಶೋರೂಮಿನಲ್ಲಿ, ಬೆಟ್ಟದ ಮೇಲೆ ಅಷ್ಟೆಲ್ಲ ಮಾತಾಡಿದವಳಿಗೆ ನಿಮ್ಮೆದುರು ಬ್ರೇಕು ಒತ್ತುವ ಧೈರ್ಯ ಬರಲಿಲ್ಲ. ನಿಲ್ಲಿಸಿದ್ದರೆ ಇದೆಲ್ಲವನ್ನೂ ನಿಮ್ಮ ಮುಖ ನೋಡಿಕೊಂಡು ಹೇಳಬೇಕಾಗುತ್ತಿತ್ತು. ಬೈದದ್ದಕ್ಕೆ ನನ್ನ ತಕರಾರಿಲ್ಲ. ಈಗ ಎಲ್ಲ ಹೇಳಿಯಾಗಿದೆ. ಮುಂದಿನ ಸಂತೆಗೆ ಅದೇ ಹೊತ್ತಿಗೆ ಬಂದು ನಿಲ್ಲಿಸುತ್ತೇನೆ, ಊರಿಗೆಲ್ಲ ಕೇಳುವಂತೆ ಹಾರ್ನ್ ಮಾಡುತ್ತೇನೆ. ಹತ್ತುವುದೂ ಬಿಡುವುದೂ ನಿಮ್ಮ ಇಷ್ಟ. ನೀವು ಮುಖ ತಿರುಗಿಸಿ ನಿಂತರೂ, ಬಸ್ಸು ಬರುವ ತನಕ ನಾನು ಅಲ್ಲಿಂದ ಕದಲುವುದಿಲ್ಲ.