ನಮ್ಮ ಬಾಗಿಲನ್ನು ದಾಟಿ ಹೋಗಬೇಡಿ

ದೋಣಿಮಲೈ ಕ್ವಾರ್ಟರ್ಸ್

ನಮ್ಮ ಸಾಲಿನ ನೆರೆಹೊರೆಯವರಿಗೆ,

ನಿನ್ನೆ ನಮ್ಮ ಮನೆಗೆ ಬಂದು ಕುಳಿತ ನಿಮಗೆಲ್ಲ ಕೃತಜ್ಞನಾಗಿದ್ದೇನೆ. ಆದರೆ ನಿಮ್ಮ ಅನುಕಂಪವನ್ನು ಸ್ವೀಕರಿಸಲಾರೆ. ಮಗಳು ಸೌಜನ್ಯ ತೀರಿಕೊಂಡ ಮನೆಯೆಂದು, ಈ ಕ್ರಿಸ್‌ಮಸ್‌ಗೆ ಮನೆಮನೆಗೆ ಹೋಗಿ ಹಾಡುವ ನಿಮ್ಮ ತಂಡ ನಮ್ಮ ಬಾಗಿಲಲ್ಲಿ ನಿಲ್ಲದೆ ಹೋಗಬೇಕೆಂಬ ನಿಮ್ಮ ನಿರ್ಣಯವನ್ನು ವಿರೋಧಿಸುತ್ತೇನೆ.

ಪ್ರತಿವರ್ಷ ಪಕ್ಕದ ಮನೆಯ ಗ್ರೇಸಮ್ಮನವರೊಂದಿಗೆ ಕೂತು ಕರ್ಜಿಕಾಯಿ ತುಂಬುತ್ತಿದ್ದ ಅವಳು, ನಿಮ್ಮ ಹಾಡು ಕೇಳಿದೊಡನೆ ಹಿಟ್ಟಿನ ಕೈಯಲ್ಲೇ ಎದ್ದು, "ಅಪ್ಪಾ, ಭಾಷಣ ಸಾಕ್ರಿ, ಜಲ್ದಿ ಬಾಗ್ಲಾ ತೆಗೀರಿ! ಎಲ್ಲಾರೂ ಬಂದಾರ!" ಎಂದು ನನ್ನನ್ನು ಗದರುತ್ತಿದ್ದಳು. ಆ ಸಂಜೆಗಳನ್ನು ನಮಗೆ ಕೊಟ್ಟವರು ನೀವು. ಅದಕ್ಕೆ ನಾನು ಋಣಿ.

ವರ್ಷ ತುಂಬುವವರೆಗೆ ಹಬ್ಬ ಸಲ್ಲದೆಂದು ನಮ್ಮ ಬಂಧುಗಳು ಹೇಳಿದ್ದಾರೆ. ಆದರೂ ಯಾರನ್ನೂ ಕೇಳದೆ ನಾನೊಬ್ಬನೇ ತೀರ್ಮಾನಿಸಿದ್ದೇನೆ: ಈ ಸಲ ತಂಡದವರೆಲ್ಲರ ಊಟ ನಮ್ಮ ಮನೆಯಲ್ಲಿ.

ಇಂತು,
ಉಜ್ಜಿನಪ್ಪ