ಗೋಡೆ ಪಕ್ಕದ ಗಂಟೆ

ಹಿಲ್ಕಾ ಅಕ್ಕನಿಗೆ,

ಗಣಿಯೂರಿಗೆ ಬಂದು ಒಂಬತ್ತು ದಿನವಾಯಿತು. ಇಲ್ಲಿನ ಸುರಂಗಗಳು ಚೌಕಳಿ ಹಾಳೆಯಂತೆಯೇ ಇವೆ. ಪ್ರತಿ ಹತ್ತು ಕೂಡುದಾರಿಗೆ ಮೂರರಂತೆ ಹೊಗೆಗಂಟೆ ಸಾಕು, ತನ್ನಲ್ಲೇ ಹೊಗೆಯಾದರೆ ಒಂದು ಥರ, ಪಕ್ಕದ ಕೂಡುದಾರಿಯಲ್ಲಾದರೆ ಇನ್ನೊಂದು ಥರ ಬಡಿಯುತ್ತದೆ, ಯಾವ್ಯಾವುದು ಹೇಗೆ ಬಡಿಯಿತೆಂದು ನೋಡಿದರೆ ಬೆಂಕಿ ಎಲ್ಲೆಂದು ತಿಳಿಯುತ್ತದೆ ಎಂದು ತುರ್ಕುವಿನ ನಮ್ಮ ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕಿದೆನಲ್ಲ, ಅದು ಕೊನೆಯೇ ಇಲ್ಲದ ಚೌಕಳಿಯ ಲೆಕ್ಕ. ಗಂಟೆಗಳನ್ನು ಕೂರಿಸಿದ್ದು ಅದರಂತೆಯೇ, ಆದರೆ ಇಲ್ಲಿ ಕೊನೆಗೆ ಬಂಡೆಗೋಡೆಯಿದೆ. ಅದರ ಪಕ್ಕದ ಎರಡು ಕೂಡುದಾರಿಗೆ ಬಡಿಯುವುದು ಒಂದೇ ಗಂಟೆ. ಸೋಮವಾರ ಅದು ಬಡಿದಾಗ ಎಲ್ಲರೂ ಎಡಗಡೆಯದಕ್ಕೆ ಓಡಿದರು. ಬೆಂಕಿ ಬಲಗಡೆಯದರಲ್ಲಿತ್ತು. ಗಣಿ ಕೆಲಸದ ತಾರ್ಮೊ ಅಲ್ಲೇ ಇದ್ದ.

ಮೇಸ್ತ್ರಿ ಉರ್ಹೋ ನನಗೆ ಕಾಫಿ ಬಗ್ಗಿಸುತ್ತಾ, "ನಿನ್ ಲೆಕ್ಕದಲ್ಲಿ ತಪ್ಪೇನಿಲ್ಲ ಬಿಡಮ್ಮ. ನಮ್ ಗಣಿಗೇ ಗೋಡೆ ಇತ್ತು, ಅಷ್ಟೆ," ಎಂದ.

ನೆಗಡಿ ಬಿಟ್ಟರೆ ಆರೋಗ್ಯವಾಗಿದ್ದೇನೆ. ಶನಿವಾರ ತಾರ್ಮೊನನ್ನು ಮಣ್ಣು ಮಾಡುತ್ತಾರೆ. ಕಾಗದ ಸಿಕ್ಕಿದ ದಿನವೇ ನನ್ನ ಕಪ್ಪು ಕೋಟನ್ನು ಬಸ್ಸಿಗೆ ಹಾಕಿಬಿಡು. ಅವನ ಹೆಂಡತಿ ನನ್ನನ್ನು ನೋಡಬೇಕಂತೆ.

ಸಿರ್ಕಾ